ನಿಮ್ಮ ಫೋಟೊದೊಳಗೆ ಕುಳಿತಿರುವ ಕೊಸೈನ್

ವಾಟ್ಸ್‌ಆ್ಯಪ್‌ನಲ್ಲಿ ಹತ್ತಾರು ಕೈ ದಾಟಿ ಬಂದ ಯಾವುದಾದರೂ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ. ಗೃಹಪ್ರವೇಶದ ಆಮಂತ್ರಣ ಪತ್ರಿಕೆಯಾದರೆ ಇನ್ನೂ ಒಳ್ಳೆಯದು. ಅಕ್ಷರಗಳ ಸುತ್ತ ಮಸುಕು ಗೀರುಗಳು ಎದ್ದಿರುತ್ತವೆ, ಹಿನ್ನೆಲೆಯ ಬಣ್ಣ ಪುಟ್ಟ ಪುಟ್ಟ ಚೌಕಗಳಾಗಿ ಒಡೆದಿರುತ್ತದೆ. ಇದಕ್ಕೆ ಕ್ಯಾಮೆರಾವನ್ನೋ ನೆಟ್‌ವರ್ಕನ್ನೋ ಬೈದು ಫಲವಿಲ್ಲ. ಆ ಗೀರು, ಆ ಚೌಕ ಎರಡರ ಹಿಂದೆಯೂ ಇರುವುದು ಕೊಸೈನ್. ಹತ್ತನೇ ತರಗತಿಯಲ್ಲಿ ಸೊನ್ನೆ, ಮೂವತ್ತು, ನಲವತ್ತೈದು, ಅರವತ್ತು, ತೊಂಬತ್ತು ಎಂದು ಉರು ಹೊಡೆದು, ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಮರೆತುಬಿಟ್ಟ ಅದೇ ಕೊಸೈನ್.

ಶಾಲೆಯ ಪುಸ್ತಕ ಅದನ್ನು ಹೀಗೆ ಪರಿಚಯಿಸುತ್ತದೆ: ಲಂಬಕೋನ ತ್ರಿಭುಜದ ಒಂದು ಲಘುಕೋನವನ್ನು ತೆಗೆದುಕೊಂಡು, ಅದರ ಪಾರ್ಶ್ವಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕೊಸೈನ್. ತಪ್ಪೇನಿಲ್ಲ. ಆದರೆ ಲೆಕ್ಕ ಹೇಗೆ ಮಾಡಬೇಕೆಂದು ಇದು ಹೇಳುತ್ತದೆಯೇ ಹೊರತು ಯಾಕೆ ಮಾಡಬೇಕೆಂದು ಹೇಳುವುದಿಲ್ಲ. ಗಣಿತ ಕಬ್ಬಿಣದ ಕಡಲೆಯಾಗುವುದು ಇಂಥ ಕಡೆಗಳಲ್ಲೇ.

ನೆರಳಿನಿಂದ ಶುರು ಮಾಡೋಣ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲಾ ಮಕ್ಕಳನ್ನು ಅಂಗಳಕ್ಕೆ ಕರೆತಂದು ತೋರಿಸುವುದುಂಟು. ಆ ಹೊತ್ತಿನಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ನೆರಳೇ ಇಲ್ಲ. ನೆಲದ ಮೇಲೆ ಮಲಗಿಸಿದರೆ ನೆರಳೂ ಒಂದು ಮೀಟರ್. ನೆಲದೊಂದಿಗೆ 60 ಡಿಗ್ರಿ ಕೋನ ಮಾಡುವಂತೆ ಓರೆಯಾಗಿ ಹಿಡಿದರೆ ನೆರಳು ಅರ್ಧ ಮೀಟರ್. ಕೋಲಿನ ಉದ್ದ ಕಡಿಮೆಯಾಗಲಿಲ್ಲ, ನೆಲದ ದಿಕ್ಕಿನಲ್ಲಿ ಅದರ ಪಾಲು ಕಡಿಮೆಯಾಯಿತು. ಕೊಸೈನ್ ಉತ್ತರಿಸುವ ಪ್ರಶ್ನೆ ಇದೊಂದೇ: ಈ ವಸ್ತುವಿನಲ್ಲಿ ಆ ದಿಕ್ಕಿನ ಪಾಲು ಎಷ್ಟು? ಪೂರಾ ಇದ್ದರೆ 1, ಸ್ವಲ್ಪವೂ ಇಲ್ಲದಿದ್ದರೆ 0. ಕೋನ 90 ಡಿಗ್ರಿ ದಾಟಿದರೆ ಉತ್ತರ ಋಣ ಸಂಖ್ಯೆಯಾಗುತ್ತದೆ, ಅಂದರೆ ಪಾಲು ಎದುರು ದಿಕ್ಕಿನಲ್ಲಿದೆ. ಇಲ್ಲಿಂದ ಮುಂದೆ ಬರುವ ಉಪಯೋಗಗಳೆಲ್ಲ ಈ ಒಂದು ಪ್ರಶ್ನೆಯ ಬೇರೆ ಬೇರೆ ವೇಷಗಳು.

ಬಿಸಿಲನ್ನೇ ತೆಗೆದುಕೊಳ್ಳಿ. ಓರೆಯಾಗಿ ಬಿದ್ದ ಬೆಳಕು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಎಷ್ಟು ಹಂಚಿಹೋಗುತ್ತದೆ ಎಂಬುದನ್ನು ಕೋನದ ಕೊಸೈನ್ ಹೇಳುತ್ತದೆ. 1760ರಲ್ಲಿ ಯೋಹಾನ್ ಲ್ಯಾಂಬರ್ಟ್ ಬೆಳಕಿನ ಅಳತೆಯ ಬಗ್ಗೆ ಬರೆದ ಗ್ರಂಥದಿಂದಾಗಿ ಈ ನಿಯಮಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಡಿಸೆಂಬರ್ 21ರ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. 36 ಡಿಗ್ರಿಯ ಕೊಸೈನ್ 0.81. ಅದೇ ದಿನ ಲಂಡನ್ನಿನಲ್ಲಿ ಸೂರ್ಯ 75 ಡಿಗ್ರಿ ವಾಲಿರುತ್ತಾನೆ, ಅದರ ಕೊಸೈನ್ 0.26. ವಾತಾವರಣ, ಮೋಡ ಎಲ್ಲ ಬದಿಗಿಟ್ಟರೂ ನಮ್ಮ ಅಂಗಳಕ್ಕೆ ನೆಟ್ಟ ಬಿಸಿಲಿನ ನೂರಕ್ಕೆ 81 ಪಾಲು ಬಿದ್ದಾಗ ಅವರ ಅಂಗಳಕ್ಕೆ 26 ಪಾಲು. ಇಂಗ್ಲೆಂಡಿನ ಚಳಿಗೆ ಸೂರ್ಯನ ದೂರ ಕಾರಣವಲ್ಲ. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ.

ಈಗ ಕೊಸೈನ್‌ನ ಒಂದು ಗುಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೋನ 0 ಇದ್ದಾಗ 1, 90 ಇದ್ದಾಗ 0. ಹಾಗಾದರೆ ನಡುಮಧ್ಯೆ 45ರಲ್ಲಿ ಅರ್ಧ ಇರಬೇಕಲ್ಲ? ಇಲ್ಲ, ಅಲ್ಲಿ ಇನ್ನೂ 0.707 ಇರುತ್ತದೆ. ಅರ್ಧಕ್ಕೆ ಇಳಿಯಲು 60ರವರೆಗೆ ಹೋಗಬೇಕು. ಮೊದಲ 10 ಡಿಗ್ರಿಯಲ್ಲಿ ಅದು ಕಳೆದುಕೊಳ್ಳುವುದು ನೂರಕ್ಕೆ ಒಂದೂವರೆ ಪಾಲು ಮಾತ್ರ. ಕೊನೆಯ 10 ಡಿಗ್ರಿಯಲ್ಲಿ, ಅಂದರೆ 80ರಿಂದ 90ಕ್ಕೆ ಹೋಗುವಾಗ, 17 ಪಾಲು. ತುದಿಯಲ್ಲಿ ಚಪ್ಪಟೆ, ಬುಡದಲ್ಲಿ ಕಡಿದು. ತಾರಸಿಯ ಸೋಲಾರ್ ಪ್ಯಾನಲ್ ಸೂರ್ಯನಿಂದ ಹತ್ತು ಡಿಗ್ರಿ ಆಚೀಚೆ ತಿರುಗಿದ್ದರೆ ಮನೆಯವರು ತಲೆಕೆಡಿಸಿಕೊಳ್ಳಬೇಕಿಲ್ಲ. ಪಕ್ಕದ ಕಟ್ಟಡದ ನೆರಳು ಬೀಳುತ್ತದೆಯೇ ಎಂದು ನೋಡಿಕೊಂಡರೆ ಅದಕ್ಕಿಂತ ಹೆಚ್ಚು ಲಾಭ.

ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವ ಜಾಗ ದಿನದಿಂದ ದಿನಕ್ಕೆ ಬದಲಾಗುವುದೇ ಕಾಣುವುದಿಲ್ಲ, ಮಾರ್ಚ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ಅಲ್ಲಿಯೂ ಇದೇ ಚಪ್ಪಟೆ ತುದಿಯ ಆಟ. ಒಂದು ಅಳತೆ ಹೆಚ್ಚುಕಡಿಮೆಯಾಗುವ ವೇಗವೇ ಬೇರೊಂದು ಅಳತೆಯ ಹಿಡಿತದಲ್ಲಿರುತ್ತದೆ ಎಂಬುದನ್ನು ನಮ್ಮ ಜ್ಯೋತಿಷಿಗಳು ಚೆನ್ನಾಗಿ ಅರಿತಿದ್ದರು. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ಬರೆದ ಎರಡನೆಯ ಭಾಸ್ಕರ, ಗ್ರಹದ ಆಯಾ ಕ್ಷಣದ ಗತಿಯನ್ನು ಲೆಕ್ಕ ಹಾಕುವಾಗ ಜ್ಯಾದ ಬದಲಾವಣೆಯನ್ನು ಕೋಟಿಜ್ಯಾದಿಂದ ಗುಣಿಸಿ ಪಡೆಯುತ್ತಾನೆ. ಜ್ಯಾ ಎಂದರೆ ಇಂದಿನ ಸೈನ್‌ನ ಪೂರ್ವಜ, ಕೋಟಿಜ್ಯಾ ಕೊಸೈನ್‌ನದು. ಇಂದು ಪಿಯು ವಿದ್ಯಾರ್ಥಿ ಕಲನಶಾಸ್ತ್ರದ ಮೊದಲ ಪಾಠಗಳಲ್ಲಿ ಕಲಿಯುವುದೂ ಇದನ್ನೇ.

ಅವನಿಗಿಂತ ಐನೂರು ವರ್ಷ ಮೊದಲಿದ್ದ ಮೊದಲನೆಯ ಭಾಸ್ಕರನ ಸೂತ್ರ ನನಗೆ ಇನ್ನೂ ಇಷ್ಟ. ಆರ್ಯಭಟ 499ರಲ್ಲಿ ಜ್ಯಾಗಳ ಕೋಷ್ಟಕವನ್ನೇ ಕೊಟ್ಟಿದ್ದ. ಮೂರೂಮುಕ್ಕಾಲು ಡಿಗ್ರಿಗೊಂದರಂತೆ 24 ಬೆಲೆಗಳು. ಭಾಸ್ಕರ ಕೋಷ್ಟಕವಿಲ್ಲದೆ, ಬರೀ ಕೂಡಿ ಕಳೆದು ಗುಣಿಸಿ ಭಾಗಿಸಿ ಕೆಲಸ ಮುಗಿಸುವ ದಾರಿ ತೋರಿಸಿದ. ಅವನು ಕೊಟ್ಟಿದ್ದು ಜ್ಯಾಕ್ಕೆ. ಕೊಸೈನ್‌ಗೆ ಒಗ್ಗಿಸಿದರೆ ಹೀಗಾಗುತ್ತದೆ. ಡಿಗ್ರಿಯಲ್ಲಿರುವ ಕೋನವನ್ನು ವರ್ಗ ಮಾಡಿ. ಅದರ ನಾಲ್ಕರಷ್ಟನ್ನು 32400ರಿಂದ ಕಳೆಯಿರಿ. ಬಂದದ್ದನ್ನು, 32400ಕ್ಕೆ ಅದೇ ವರ್ಗ ಕೂಡಿಸಿದ ಮೊತ್ತದಿಂದ ಭಾಗಿಸಿ. 60 ಡಿಗ್ರಿಗೆ ಮಾಡಿ ನೋಡಿ: ವರ್ಗ 3600, ನಾಲ್ಕರಷ್ಟು 14400, ಮೇಲೆ 18000, ಕೆಳಗೆ 36000. ಉತ್ತರ ಕರಾರುವಾಕ್ಕಾಗಿ ಅರ್ಧ! 45 ಡಿಗ್ರಿಗೆ 0.7059 ಬರುತ್ತದೆ, ನಿಜವಾದ ಬೆಲೆ 0.7071. ಕಾಗದ ಪೆನ್ಸಿಲ್ ಹಿಡಿದು ಕುಳಿತವನಿಗೆ ಇದಕ್ಕಿಂತ ಇನ್ನೇನು ಬೇಕು?

ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಕೇರಳದ ಸಂಗಮಗ್ರಾಮದ ಮಾಧವ ಇನ್ನೂ ದೊಡ್ಡ ಹೆಜ್ಜೆ ಇಟ್ಟ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಕೋನವನ್ನು ರೇಡಿಯನ್‌ನಲ್ಲಿ ಅಳೆದು, 1ರಿಂದ ಅದರ ವರ್ಗದ ಅರ್ಧ ಕಳೆ, ನಾಲ್ಕನೇ ಘಾತದ 24ನೇ ಒಂದು ಪಾಲು ಕೂಡಿಸು, ಹೀಗೆ ಮುಗಿಯದ ಶ್ರೇಣಿಯೊಂದನ್ನು ಕಟ್ಟಿದ. ಎಷ್ಟು ಪದ ಸೇರಿಸುತ್ತೀರೋ ಅಷ್ಟು ನಿಖರ. ಯೂರೋಪಿಗೆ ಈ ಶ್ರೇಣಿ ನ್ಯೂಟನ್ನನ ಕಾಲದಲ್ಲಿ, ಎರಡೂವರೆ ಶತಮಾನ ತಡವಾಗಿ ಸಿಕ್ಕಿತು. ಇದರ ಸಾಧನೆಯನ್ನು ಹಂತಹಂತವಾಗಿ ಬಿಡಿಸಿ ಹೇಳುವ ಗ್ರಂಥ, ಜ್ಯೇಷ್ಠದೇವನ ಯುಕ್ತಿಭಾಷಾ. ಅವನು ಅದನ್ನು ಸಂಸ್ಕೃತದಲ್ಲಿ ಬರೆಯದೆ ಮಲಯಾಳದಲ್ಲಿ ಬರೆದ. ದೇಶಭಾಷೆಯಲ್ಲಿ ಉನ್ನತ ಗಣಿತ ಬರೆಯಲಾಗದು ಎನ್ನುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಎಲೆಕ್ಟ್ರಿಷಿಯನ್‌ಗಳಿಗೂ ಕೊಸೈನ್ ದಿನನಿತ್ಯದ ಒಡನಾಡಿ, ಆದರೆ ಅವರ ಬಾಯಲ್ಲಿ ಅದು ಪವರ್ ಫ್ಯಾಕ್ಟರ್. ಮೋಟರಿನ ಸುರುಳಿಯಲ್ಲಿ ಹರಿಯುವ ಕರೆಂಟು ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಆ ಹಿಂದೆ ಬಿದ್ದ ಕೋನದ ಕೊಸೈನ್, ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲೆಷ್ಟು ಎಂದು ಹೇಳುತ್ತದೆ. ಅದು 0.8ಕ್ಕೆ ಇಳಿದರೆ ಅಷ್ಟೇ ಕೆಲಸಕ್ಕೆ ಕಾಲುಪಾಲು ಹೆಚ್ಚು ಕರೆಂಟು ಎಳೆಯಬೇಕು. ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು 1.56ರಷ್ಟಾಗುತ್ತದೆ. ಪವರ್ ಫ್ಯಾಕ್ಟರ್ ಬಿದ್ದರೆ ದೊಡ್ಡ ಗ್ರಾಹಕರ ಬಿಲ್ಲಿಗೆ ದಂಡ ಸೇರುವುದು, ಪಂಪ್‌ಸೆಟ್ಟಿಗೆ ಕೆಪಾಸಿಟರ್ ಹಾಕಿಸಿ ಎಂದು ವಿದ್ಯುತ್ ಕಂಪನಿಗಳು ಹೇಳುವುದು ಇದಕ್ಕೇ. ಕೆಪಾಸಿಟರ್ ಆ ಕೋನವನ್ನು ಕುಗ್ಗಿಸುತ್ತದೆ.

ದಿಕ್ಕು ಎಂದರೆ ನೆಲದ ಮೇಲಿನ ದಿಕ್ಕೇ ಆಗಬೇಕಿಲ್ಲ ಎಂಬುದು ಗಣಿತಜ್ಞರ ದೊಡ್ಡ ಸ್ವಾತಂತ್ರ್ಯ. ಒಂದು ಬರಹದಲ್ಲಿ ‘ಮಳೆ’ ಮೂರು ಸಲ, ‘ಬೆಳೆ’ ನಾಲ್ಕು ಸಲ ಬಂದಿದೆ ಎನ್ನಿ. ಅದನ್ನು ಮಳೆಯ ಕಡೆಗೆ 3, ಬೆಳೆಯ ಕಡೆಗೆ 4 ಹೆಜ್ಜೆ ಇಟ್ಟ ಬಾಣವೆಂದು ಭಾವಿಸಬಹುದು. ಇನ್ನೊಂದರಲ್ಲಿ ಇವು 6 ಮತ್ತು 8 ಸಲ ಬಂದಿದ್ದರೆ ಬಾಣ ಉದ್ದ, ದಿಕ್ಕು ಅದೇ. ಎರಡರ ನಡುವಿನ ಕೊಸೈನ್ 1. ಮತ್ತೊಂದರಲ್ಲಿ 4 ಮತ್ತು 3 ಇದ್ದರೆ? ಆಯಾ ಸಂಖ್ಯೆಗಳನ್ನು ಗುಣಿಸಿ ಕೂಡಿಸಿ: 12 ಮತ್ತು 12, ಒಟ್ಟು 24. ಎರಡೂ ಬಾಣಗಳ ಉದ್ದ 5, ಉದ್ದಗಳ ಗುಣಲಬ್ಧ 25. ಭಾಗಿಸಿದರೆ 0.96. ಬರೀ ‘ವಿಕೆಟ್’ ಇರುವ ಕ್ರಿಕೆಟ್ ವರದಿಗೂ ಇವಕ್ಕೂ 0. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆರಾರ್ಡ್ ಸಾಲ್ಟನ್ ಮತ್ತು ಅವರ ತಂಡ 1960-70ರ ದಶಕಗಳಲ್ಲಿ ಬೆಳೆಸಿದ ಈ ವಿಧಾನ ಇಂದಿನ ಹುಡುಕಾಟದ ಯಂತ್ರಗಳಲ್ಲೂ ಚಾಟ್‌ಬಾಟ್‌ಗಳ ಹಿಂದೆಯೂ ಜೀವಂತವಾಗಿದೆ; ಎರಡು ದಿಕ್ಕಿನ ಬದಲು ನೂರಾರು, ಸಾವಿರಾರು ದಿಕ್ಕು, ಅಷ್ಟೇ.

ಕನ್ನಡಕ್ಕೆ ಈ ಲೆಕ್ಕವನ್ನು ಹಾಗೇ ಎತ್ತಿಕೊಂಡು ಬಂದರೆ ಎಡವುತ್ತೇವೆ. ಮಳೆಗೆ, ಮಳೆಯಿಂದ, ಮಳೆಯಲ್ಲಿ, ಮಳೆಯೂ ಇವು ಯಂತ್ರದ ಕಣ್ಣಿಗೆ ನಾಲ್ಕು ಬೇರೆ ಪದಗಳು, ಅಂದರೆ ಒಂದಕ್ಕೊಂದು ಲಂಬವಾದ ನಾಲ್ಕು ದಿಕ್ಕುಗಳು. ಪ್ರತ್ಯಯ ಬಿಡಿಸದೆ ಎಣಿಸಿದರೆ ಒಂದೇ ವಿಷಯದ ಎರಡು ಕನ್ನಡ ಬರಹಗಳು ಪರಕೀಯವಾಗಿಬಿಡುತ್ತವೆ. ‘ಮಳೆ ಬಂತು’, ‘ಮಳೆ ಬರಲಿಲ್ಲ’ ಎಂಬ ಎದುರುಬದುರು ಮಾತುಗಳು ಹತ್ತಿರದ ನೆಂಟರಂತೆ ಕಾಣುವ ಅಪಾಯ ಬೇರೆ. ಕೊಸೈನ್ ಪಾಲನ್ನು ಅಳೆಯುತ್ತದೆ, ಅರ್ಥವನ್ನಲ್ಲ. ದಿಕ್ಕುಗಳನ್ನು ಸರಿಯಾಗಿ ಆರಿಸಿಕೊಳ್ಳುವ ಹೊಣೆ ನಮ್ಮದು.

ಈಗ ಫೋಟೊಗೆ ಬರೋಣ. ಕೋನವನ್ನು 90ಕ್ಕೆ ನಿಲ್ಲಿಸದೆ 180, 360, ಅದರಾಚೆಗೂ ಬೆಳೆಸುತ್ತ ಹೋದರೆ ಕೊಸೈನ್ 1ರಿಂದ ಋಣ 1ಕ್ಕೆ ಇಳಿದು ಮತ್ತೆ ಏರುವ ಅಲೆಯಾಗುತ್ತದೆ. ಎಂಥ ಏರಿಳಿತವನ್ನೂ ಇಂಥ ಅಲೆಗಳ ಮೊತ್ತವಾಗಿ ಬರೆಯಬಹುದು ಎಂದು ಫ್ರಾನ್ಸಿನ ಜೋಸೆಫ್ ಫೂರಿಯೆ 1807ರಲ್ಲಿ ಹೇಳಿದಾಗ ಅವನ ಕಾಲದ ಘಟಾನುಘಟಿಗಳೇ ಒಪ್ಪಲಿಲ್ಲ. ಶಾಖದ ಹರಿವಿನ ಬಗ್ಗೆ ಅವನ ಗ್ರಂಥ ಅಚ್ಚಾಗಿದ್ದು 1822ರಲ್ಲಿ.

ಕಪ್ಪುಬಿಳುಪು ಫೋಟೊದ ಒಂದು ಸಾಲಿನಿಂದ ಎಂಟು ಚುಕ್ಕಿಗಳ ಹೊಳಪನ್ನು ತೆಗೆದುಕೊಳ್ಳೋಣ. 0 ಎಂದರೆ ಕಡುಕಪ್ಪು, 255 ಎಂದರೆ ಅಚ್ಚಬಿಳುಪು. ಗೋಡೆಯ ಮೇಲೆ ನಿಧಾನವಾಗಿ ಹರಡಿದ ಬೆಳಕು ಹೀಗಿರಬಹುದು: 100, 102, 106, 112, 118, 124, 128, 130. ಎಂಟು ಸಂಖ್ಯೆ. ಸರಾಸರಿ 115. ಇನ್ನು ಅರ್ಧ ಅಲೆಯ ಒಂದು ಕೊಸೈನನ್ನು ಎಂಟು ಕಡೆ ಕತ್ತರಿಸಿ ಇದರ ಪಕ್ಕದಲ್ಲಿಡಿ. 11.25 ಡಿಗ್ರಿಯಿಂದ ಶುರುವಾಗಿ 22.5ರಂತೆ ಹೆಚ್ಚುವ ಕೋನಗಳು. ಅವುಗಳ ಕೊಸೈನ್ 0.98, 0.83, 0.56, 0.20, ಆಮೇಲೆ ಇವೇ ನಾಲ್ಕು ತಿರುವುಮುರುವಾಗಿ ಋಣ ಚಿಹ್ನೆಯೊಂದಿಗೆ. ನಮ್ಮ ಸಾಲಿನಲ್ಲಿ ಈ ಅಲೆಯ ಪಾಲು ಎಷ್ಟು? ಮಳೆ-ಬೆಳೆಯಲ್ಲಿ ಮಾಡಿದ್ದನ್ನೇ ಮಾಡಿ: ಎದುರುಬದುರು ಗುಣಿಸಿ, ಎಲ್ಲ ಕೂಡಿಸಿ. ಋಣ 62 ಚಿಲ್ಲರೆ ಬರುತ್ತದೆ. ಈ ಎಂಟು ಕೊಸೈನ್‌ಗಳ ವರ್ಗಗಳ ಮೊತ್ತ 4. ಅದರಿಂದ ಭಾಗಿಸಿದರೆ ಋಣ 15.5.

ಇಲ್ಲಿ ನಿಲ್ಲಿಸಿ, ಉಳಿದ ಅಲೆಗಳನ್ನೆಲ್ಲ ಬಿಟ್ಟುಬಿಡಿ. 115ರಿಂದ 15.5ರಷ್ಟು ಕೊಸೈನನ್ನು ಒಂದೊಂದಾಗಿ ಕಳೆಯುತ್ತ ಹೋಗಿ, ದಶಮಾಂಶವನ್ನು ಹತ್ತಿರದ ಪೂರ್ಣಾಂಕಕ್ಕೆ ತನ್ನಿ. 100, 102, 106, 112, 118, 124, 128, 130. ಎಂಟೂ ಸಂಖ್ಯೆ ಹಾಗೆಹಾಗೇ ವಾಪಸು ಬಂದವು! ಎಂಟರ ಬದಲು ಎರಡನ್ನು ಕಳಿಸಿದರೆ ಸಾಕಾಯಿತು. ನಾನು ಬೇಕೆಂದೇ ಸಲೀಸಾದ ಸಾಲನ್ನು ಆರಿಸಿಕೊಂಡಿದ್ದೇನೆ, ನಿಜ. ಆದರೆ ಮುಖ, ಆಕಾಶ, ಗೋಡೆ, ಸೀರೆಯ ಮೈ ಎಲ್ಲದರಲ್ಲೂ ಪಕ್ಕಪಕ್ಕದ ಚುಕ್ಕಿಗಳು ಬಹುಪಾಲು ಒಂದನ್ನೊಂದು ಹೋಲುತ್ತವೆ. ಫೋಟೊದ ಹೆಚ್ಚಿನ ಜಾಗವೆಲ್ಲ ಇಂಥ ಸಾಲುಗಳೇ.

ಸೈನ್ ಯಾಕಾಗದು? ಶಾಲೆಯಲ್ಲಿ ನೀರಸವಾಗಿ ಕಂಡ ಒಂದು ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಋಣ 30 ಡಿಗ್ರಿಯ ಕೊಸೈನೂ ಧನ 30ರ ಕೊಸೈನೂ ಒಂದೇ. ಸೊನ್ನೆಯಲ್ಲಿ ಕನ್ನಡಿ ಇಟ್ಟರೆ ಎಡಬಲ ತಾಳೆಯಾಗುತ್ತದೆ. ಫೂರಿಯೆಯ ಮಾಮೂಲಿ ವಿಧಾನ ನಮ್ಮ ಸಾಲು ಮುಗಿದಲ್ಲಿಂದ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ಭಾವಿಸುತ್ತದೆ: 130 ಆದಮೇಲೆ ತಟಕ್ಕನೆ 100. ಇಲ್ಲದ ಆ ಜಿಗಿತವನ್ನು ಕಟ್ಟಲು ಹಲವು ಅಲೆ ದಂಡ. ಸೈನ್ ಸೊನ್ನೆಯಿಂದಲೇ ಹೊರಡಬೇಕೆಂದು ಹಟ ಮಾಡುತ್ತದೆ. ಕೊಸೈನ್ ಸಾಲನ್ನು ಕನ್ನಡಿಯಲ್ಲಿ ಮಡಚುತ್ತದೆ: 130ರ ಪಕ್ಕದಲ್ಲಿ 130, ಆಮೇಲೆ 128. ಜಿಗಿತವೇ ಇಲ್ಲ.

ಈ ಕೆಲಸಕ್ಕೆ ಕೊಸೈನೇ ಸರಿ ಎಂದು ಕಂಡವರು ಬೆಂಗಳೂರಿನವರು. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ ಇಲ್ಲಿಯೇ. ಕೆ.ಆರ್. ಸರ್ಕಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೋದಲ್ಲಿ ಡಾಕ್ಟರೇಟ್ ಮುಗಿಸಿ, ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರಗಳನ್ನು ಕುಗ್ಗಿಸಲು ಕೊಸೈನ್ ಬಳಸುವ ಯೋಚನೆಯನ್ನು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದಿಟ್ಟು ಹಣ ಕೇಳಿದರು. ಸಿಗಲಿಲ್ಲ. ಇದು ತೀರಾ ಸರಳವಾಯಿತು ಎಂಬ ಧಾಟಿಯಲ್ಲಿ ಪರಿಶೀಲಕರೊಬ್ಬರು ಷರಾ ಬರೆದಿದ್ದನ್ನು ಅಹ್ಮದ್ ಮುಂದೆ ತಾವೇ ನೆನಪಿಸಿಕೊಂಡಿದ್ದಾರೆ. ಅವರು ಬಿಡಲಿಲ್ಲ. 1973ರ ಬೇಸಿಗೆಯನ್ನು ಪೂರ್ತಿ ಇದಕ್ಕೇ ಕೊಟ್ಟರು. ಜೊತೆಗಿದ್ದವರು ಪಿಎಚ್‌.ಡಿ. ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್‌ನಲ್ಲಿದ್ದ ಗೆಳೆಯ ಕೆ.ಆರ್. ರಾವ್. ಬಂದ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿದ್ದುದರಿಂದ ಅವರಿಗೇ ಅನುಮಾನ ಬಂತಂತೆ. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಪ್ರಕಟವಾದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅಂದರೆ ಡಿಸಿಟಿಯ ಲೇಖನ ನಾಲ್ಕೇ ಪುಟ.

ಫೋಟೊಗಳನ್ನು ಕುಗ್ಗಿಸಲು 1992ರಲ್ಲಿ ಬಂದ ಜೆಪೆಗ್ ಮಾನದಂಡದ ಹೃದಯ ಈ ಡಿಸಿಟಿಯೇ. ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ (ಹಿಗ್ಗಿಸಿದಾಗ ಕಂಡ ಚೌಕಗಳು ಇವೇ) ಕತ್ತರಿಸಿ, ಪ್ರತಿ ಚೌಕದಲ್ಲೂ 64 ಕೊಸೈನ್ ವಿನ್ಯಾಸಗಳ ಪಾಲೆಷ್ಟು ಎಂದು ಅಳೆಯುತ್ತಾರೆ. ಇಲ್ಲಿಯವರೆಗೆ ಏನೂ ನಷ್ಟವಿಲ್ಲ; ಕತ್ತರಿ ಬೀಳುವುದು ಮುಂದಿನ ಹಂತದಲ್ಲಿ. ಪ್ರತಿ ಪಾಲನ್ನೂ ಒಂದೊಂದು ಸಂಖ್ಯೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ತರುತ್ತಾರೆ. ಮಾನದಂಡದ ಜೊತೆ ಕೊಟ್ಟ ಮಾದರಿ ಪಟ್ಟಿಯಲ್ಲಿ ಮೊದಲ ಮೂಲೆಯ ಭಾಜಕ 16, ಅತಿ ಸಣ್ಣ ಅಲೆಗಳಿರುವ ಕೊನೆಯ ಮೂಲೆಯದು 99. ಅಲ್ಲಿ 40 ಇದ್ದರೂ 99ರಿಂದ ಭಾಗಿಸಿದಾಗ ಸೊನ್ನೆಯೇ. ಸಣ್ಣ ಅಲೆಗಳ ಏರುಪೇರನ್ನು ನಮ್ಮ ಕಣ್ಣು ಅಷ್ಟಾಗಿ ಗಮನಿಸುವುದಿಲ್ಲ, ಆದ್ದರಿಂದ ಮೋಸ ಗೊತ್ತಾಗುವುದಿಲ್ಲ. ಸಾಲುಸಾಲು ಸೊನ್ನೆಗಳನ್ನು ಗಂಟುಕಟ್ಟುವುದು ಸುಲಭ, ಫೈಲು ಹತ್ತನೇ ಒಂದಕ್ಕೆ ಇಳಿದರೂ ಚಿತ್ರ ಚೆನ್ನಾಗೇ ಕಾಣುತ್ತದೆ.

ಬಿಳಿ ಕಾಗದದ ಮೇಲಿನ ಕರಿ ಅಕ್ಷರಕ್ಕೆ ಮಾತ್ರ ಈ ಉಪಾಯ ಒಗ್ಗುವುದಿಲ್ಲ. ಅಕ್ಷರದ ಅಂಚು ಎಂದರೆ 255ರಿಂದ 0ಗೆ ನಿಜವಾದ ಜಿಗಿತ. ಅದನ್ನು ಕಟ್ಟಲು ಆ ಸಣ್ಣ ಅಲೆಗಳೇ ಬೇಕು. ಅವನ್ನು ಕತ್ತರಿಸಿದರೆ ಉಳಿದ ದೊಡ್ಡ ಅಲೆಗಳು ಅಂಚಿನಾಚೆಗೂ ಅಲುಗಾಡುತ್ತ ಗೀರುಗಳಾಗಿ ಕಾಣುತ್ತವೆ. ಒತ್ತು, ಕೊಂಬು, ದೀರ್ಘಗಳ ಕನ್ನಡ ಲಿಪಿಗೆ ಪೆಟ್ಟು ಇನ್ನೂ ಜಾಸ್ತಿ. ಒಬ್ಬೊಬ್ಬರು ಮತ್ತೆ ಕುಗ್ಗಿಸಿ ಕಳಿಸಿದಾಗಲೂ ಇನ್ನಷ್ಟು ನಷ್ಟ. ಹಾಗಾಗಿ ಆಮಂತ್ರಣ, ಅಂಕಪಟ್ಟಿ, ಪಹಣಿಯಂಥವನ್ನು ಫೋಟೊ ಆಗಿ ಕಳಿಸದೆ ಪಿಡಿಎಫ್ ಆಗಿ, ಇಲ್ಲವೇ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸುವುದು ಜಾಣತನ.

ಎಂಪಿ3 ಹಾಡಿನಲ್ಲಿ ಕೆಲಸ ಮಾಡುವುದು ಡಿಸಿಟಿಯ ತಮ್ಮ. ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲೂ ಇದೇ ಕುಲದ ಲೆಕ್ಕ.

ತ್ರಿಕೋನಮಿತಿ ಪಾಠ ಮಾಡುವ ಶಿಕ್ಷಕರಲ್ಲಿ ಒಂದು ಕೋರಿಕೆ. ಗೋಪುರದ ಎತ್ತರ, ದೋಣಿಯ ದೂರದ ಲೆಕ್ಕಗಳು ಇರಲಿ, ಪರೀಕ್ಷೆಗೆ ಅವು ಬೇಕು. ಆದರೆ ಒಂದು ಪಿರಿಯಡ್ ಬಿಡುವು ಮಾಡಿಕೊಂಡು ಮೇಲಿನ ಎಂಟು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆಯಿರಿ, ನಾಲ್ಕು ಕೊಸೈನ್ ಬೆಲೆಗಳನ್ನು ಕೊಡಿ, ಮಕ್ಕಳೇ ಕೂಡಿ ಕಳೆದು ಎರಡಕ್ಕೆ ಇಳಿಸಲಿ. ಲೆಕ್ಕ ಸರಿಬಂದ ಮೇಲೆ, ಇದನ್ನು ಕಂಡುಹಿಡಿದವರಲ್ಲಿ ಒಬ್ಬರು ಕೆ.ಆರ್. ಸರ್ಕಲ್ಲಿನ ಕಾಲೇಜಿನಲ್ಲಿ ಓದಿದವರು ಎಂದು ಹೇಳಿ.